ಬಾಗಿಲಾಚೆಯ ‘ಓಣಿ’

ದೂರದೂರಿನಲ್ಲಿದ್ದವರು ಕಣ್ಣೆದುರು ಬಂದು ನಿಂತರು ಎಂದೆಲ್ಲ ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದವಳು. ಆಪರೇಷನ್ನಿಗೆ ಮೊದಲು ಜನರಿಗೆ ಅರಿವಳಿಕೆ ಕೊಡುವ ಡಾಕ್ಟರು ನಾನು. ಅರೆನಿದ್ದೆಯಲ್ಲಿ ಮನುಷ್ಯರು ಏನೇನು ಕಾಣುತ್ತಾರೆ, ಯಾರ್ಯಾರನ್ನು ಕರೆಯುತ್ತಾರೆ ಎಂಬುದನ್ನು ದಿನಾ ನೋಡುವವಳಿಗೆ ಇಂಥ ಕಥೆ ಹೇಳಿದರೆ ಹೇಗೆ ನಂಬಿಯಾಳು? ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ನೀವು ನನಗಿಂತ ಜಾಣರು.

ನಾವಿರುವುದು ಲಂಡನ್ನಿನ ರೇನರ್ಸ್ ಲೇನ್‌ನಲ್ಲಿ. ನಮ್ಮ ಆಸ್ಪತ್ರೆಯ ನರ್ಸ್ ಮಿರ್ಲಾಂದ್ ಹೈಟಿ ದೇಶದವಳು, ಅಕ್ಸ್‌ಬ್ರಿಡ್ಜ್‌ನ ಕೌನ್ಸಿಲ್ ಫ್ಲ್ಯಾಟೊಂದರಲ್ಲಿ ತಾಯಿ ಸೊಲಾಂಜ್ ಜೊತೆ ಇರುತ್ತಾಳೆ. ಸೇವೆಗೆಂದು ಹೈಟಿಗೆ ಹೋಗಿಬಂದ ವಿದೇಶೀಯರನ್ನೂ ಲಂಡನ್ನಿನಲ್ಲಿರುವ ಬೆರಳೆಣಿಕೆಯ ಹೈಟಿ ಜನರನ್ನೂ ಒಂದೆಡೆ ಕೂರಿಸಬೇಕೆಂಬ ಹುಚ್ಚು ಅವಳಿಗೆ. ಒಳ್ಳೆಯದು ಮಾಡಲು ಹೋದವರೂ ನೋಯಿಸಿ ಬಂದಿರುತ್ತಾರೆ, ಅದನ್ನು ಎದುರುಬದುರು ಕೂತು ಆಡಿಯೇ ಹಗುರಾಗಬೇಕು ಎನ್ನುತ್ತಿದ್ದಳು. ತಿಂಗಳಿಗೊಂದು ಶನಿವಾರ ಒಂದು ಚರ್ಚ್ ಹಾಲ್‌ನಲ್ಲಿ ಎಲ್ಲರೂ ಸೇರಿ ಅಡುಗೆ ಮಾಡಿ, ಉಂಡು, ಮಾತಾಡುವುದು. ಹೈಟಿಯನ್ನು ನಕಾಶೆಯಲ್ಲಷ್ಟೇ ಕಂಡಿದ್ದ ನಾನು ಕುರ್ಚಿ ಜೋಡಿಸಲು, ಈರುಳ್ಳಿ ಹೆಚ್ಚಲು ಹೋಗುತ್ತಿದ್ದೆ.

ಸೊಲಾಂಜ್ ಮಾತ್ರ ಮಗಳ ಒತ್ತಾಯಕ್ಕೆ ಬಂದು ಮೂಲೆಯಲ್ಲಿ ಮುಖ ತಿರುಗಿಸಿ ಕೂರುತ್ತಿದ್ದರು. ಅವರೂರಿಗೆ ಬಂದಿದ್ದ ವಿದೇಶಿ ಡಾಕ್ಟರಮ್ಮ ಒಬ್ಬಳು ಅವರ ಗಂಡನ ಕಾಲಿನ ಗಾಯಕ್ಕೆ ಚಿಕಿತ್ಸೆ ಮಾಡಿ, ಮತ್ತೆ ಬಂದು ನೋಡುತ್ತೇನೆ ಎಂದು ಕೈಹಿಡಿದು ಹೇಳಿ ಹೋಗಿದ್ದಳಂತೆ. ಇವರು ಮನೆಗೆ ಸುಣ್ಣ ಹೊಡೆಸಿ ಕಾದರು. ಅವಳು ಬರಲಿಲ್ಲ, ಗಂಡ ನಂಜೇರಿ ತೀರಿಕೊಂಡ. ಅಂದಿನಿಂದ ಹೊರಗಿನವರ ಮಾತೆಂದರೆ ಅವರಿಗೆ ಬರೀ ಬಾಯಿಮಾತು.

ಕೆಲವು ವರ್ಷಗಳ ಹಿಂದೆ ಧಾರವಾಡದಿಂದ ನನ್ನ ಅವ್ವ ಬಂದಳು. ಇಂಗ್ಲಿಷ್ ಬಾರದು, ಮನೆಯಲ್ಲಿ ಬೇಸರ ಎಂದು ಹಾಲ್‌ಗೆ ಕರೆದೊಯ್ದರೆ, ಅವಳು ಸೀದಾ ಹೋಗಿ ಸೊಲಾಂಜ್ ಪಕ್ಕದಲ್ಲಿ ಕೂತಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೆ ಅವ್ವನ ಚೀಲದಲ್ಲಿ ಶೇಂಗಾ ಚಟ್ನಿ ಇತ್ತು. ಹೈಟಿಯವರೂ ಶೇಂಗಾಕ್ಕೆ ಖಾರ ಸೇರಿಸಿ ಅರೆದು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವವರು. ಸೊಲಾಂಜ್ ಬೆರಳಿಗೆ ಹಚ್ಚಿ ನೆಕ್ಕಿ ನೋಡಿ, ಒಂದು ಗಳಿಗೆ ಕಣ್ಣು ಮುಚ್ಚಿ, ಇನ್ನಷ್ಟು ಹಾಕು ಎಂದು ಅಂಗೈ ಚಾಚಿದರು.

ಆಮೇಲೆ ಅವರ ಫ್ಲ್ಯಾಟಿಗೇ ಕರೆ ಬಂತು. ಅವರ ದೇಶದಲ್ಲೊಂದು ಪದ್ಧತಿಯಿದೆ. ಯಾರ ಮನೆಗೆ ಹೋದರೂ ಹೊರಗೆ ನಿಂತು ‘ಒನೆ’ ಎಂದು ಕೂಗಬೇಕು, ಅಂದರೆ ಗೌರವ ಎಂದು. ಒಳಗಿನವರು ‘ರೆಸ್ಪೆ’, ಅಂದರೆ ಮರ್ಯಾದೆ, ಎಂದು ಉತ್ತರ ಕೊಟ್ಟ ಮೇಲೆಯೇ ಹೊಸ್ತಿಲು ದಾಟುವುದು. ಅವ್ವನಿಗೆ ಇದು ಭಾರಿ ಹಿಡಿಸಿತು. ಆದರೆ ಅವಳ ಕಿವಿಗೆ ಬಿದ್ದದ್ದು ‘ಓಣಿ’.

“ಏನ್ ಚಂದ ಪದ್ಧತಿ ನೋಡವಾ. ಓಣ್ಯಾಗಿನವರು ಬಂದೇವಿ ಅಂತ ಮೊದಲಽ ಹೇಳೂದು!” ಎಂದಳು. ಎಷ್ಟು ತಿದ್ದಿದರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಕಂಚಿನ ಕಂಠದಲ್ಲಿ “ಓಣಿ!” ಎಂದು ಕೂಗಿದರೆ ಸೊಲಾಂಜ್ ಒಳಗಿನಿಂದ ನಗುತ್ತ “ರೆಸ್ಪೆ!” ಎನ್ನುತ್ತಿದ್ದರು. ತಾವೂ ‘ಓಣಿ’ ಎನ್ನಲು ಹೋದರೆ ಆ ‘ಣ’ ಅವರ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ.

ಊರಿಗೆ ಹೊರಡುವ ಮೊದಲು ಕೊನೆಯ ಸಲ ಹೋದಾಗ ಅವ್ವ ಎಂದಿನಂತೆ “ಬರ್ತೇನ್ರಿ” ಎಂದು ಎದ್ದಳು. ನಾನು ಯೋಚಿಸದೆ ಅದನ್ನು ಇಂಗ್ಲಿಷಿಗೆ ಹಾಗೇ ಇಳಿಸಿದೆ, ಮಿರ್ಲಾಂದ್ ತಾಯಿಗೆ ಹೇಳಿದಳು. ಸೊಲಾಂಜ್ ಮುಖ ಕಪ್ಪಿಟ್ಟಿತು. ನೀವೂ ಹಾಗೇ ಹೇಳುತ್ತೀರಲ್ಲ ಎಂದರು. ನಾನು ಗಾಬರಿಯಾಗಿ, ನಮ್ಮಲ್ಲಿ ಹೊರಡುವಾಗ ಹೋಗುತ್ತೇನೆ ಎನ್ನುವುದು ಅಶುಭ, ಬರ್ತೇನೆ ಎನ್ನುವುದು ಬರೀ ರೂಢಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ವಿವರಿಸತೊಡಗಿದೆ. ಏನು ನಡೆದಿದೆ ಎಂದು ತಿಳಿದ ಅವ್ವ ನನ್ನ ಮೇಲೇ ಹರಿಹಾಯ್ದಳು.

“ನಾ ಏನ್ ಸುಮ್ಮ ಅಂದೇನೇನು? ಬರ್ತೇನಿ ಅಂದ್ರ ಬರ್ತೇನಿ. ಹಂಗಽ ಹೇಳು ಅಕಿಗೆ.”

ಹಾಗೇ ಹೇಳಿದೆ. ಸೊಲಾಂಜ್ ಅವ್ವನನ್ನು ಬಹಳ ಹೊತ್ತು ನೋಡಿ, ಸರಿ, ಕಾಯುತ್ತೇನೆ ಎಂದರು.

ಅವ್ವ ಧಾರವಾಡ ಸೇರಿದ ಸ್ವಲ್ಪ ದಿನಕ್ಕೇ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ಪೂರ್ತಿ ನಿಂತಿತು. ನಾನು ಹೋಗಿ ನೋಡಿಕೊಂಡು ಬಂದೆ. ನನ್ನ ಅಮ್ಮನಿಗೆ ಈಗಲೇ ತಿಳಿಸಬೇಡ, ಮತ್ತೊಬ್ಬರು ಬರಲಿಲ್ಲ ಅಂತಾದರೆ ಇನ್ನು ಯಾರ ಮುಖವನ್ನೂ ನೋಡಲಿಕ್ಕಿಲ್ಲ ಎಂದು ಮಿರ್ಲಾಂದ್ ಬೇಡಿಕೊಂಡಳು. ಅಷ್ಟರಲ್ಲಿ ಸೊಲಾಂಜ್ ಹಾಲ್‌ಗೆ ಬರುವುದನ್ನೇ ಬಿಟ್ಟಿದ್ದರು. ಅವ್ವ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಎಂದು ಮಧ್ಯಾಹ್ನವೆಲ್ಲ ಬಾಗಿಲ ಕಡೆಗೇ ಕೂತಿರುತ್ತಿದ್ದರಂತೆ.

ನವೆಂಬರಿನ ಒಂದು ದಿನ. ಬೆಳಗಿನಿಂದ ಮಂಜು ಕವಿದು, ಎದುರಿನ ಮನೆಗಳು ಇದ್ದೂ ಇಲ್ಲದಂತೆ ಕಾಣುತ್ತಿದ್ದವು. ನನಗೆ ರಜೆ. ಸಂಜೆಯಾಗುವ ಮೊದಲೇ ಕತ್ತಲಿಳಿಯುತ್ತಿದ್ದಾಗ ಮಿರ್ಲಾಂದ್ ಫೋನ್ ಮಾಡಿದಳು. ನಿನ್ನ ತಾಯಿ ಲಂಡನ್ನಿಗೆ ಬಂದಿದ್ದಾರಾ ಎಂದು ಕೇಳಿದಳು. ಕೂಡಲೇ ಬಾ ಎಂದಳು. ನಾನು ಕೋಟು ಹಾಕಿಕೊಂಡು ಟ್ಯೂಬ್ ರೈಲು ಹತ್ತಿದೆ. ಕಿಟಕಿಯಾಚೆ ಸ್ಟೇಷನ್ನಿನ ದೀಪಗಳು ಹಾಲಿನಲ್ಲಿ ಅದ್ದಿದಂತೆ ತೇಲಿ ಬಂದು ಹಿಂದಕ್ಕೆ ಹೋಗುತ್ತಿದ್ದವು. ಬೋಗಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ನಾನೇ ಎಚ್ಚರವಿದ್ದೇನೋ ಇಲ್ಲವೋ ಎನಿಸಿತು.

ಸೊಲಾಂಜ್ ಅಷ್ಟು ಸಂತೋಷವಾಗಿದ್ದುದನ್ನು ನಾನು ಕಂಡೇ ಇರಲಿಲ್ಲ. ನಿನ್ನ ಅಮ್ಮ ಬಂದಿದ್ದಳು, ಮಿರ್ಲಾಂದ್ ಬರುವ ಸ್ವಲ್ಪ ಮೊದಲಷ್ಟೇ ಎದ್ದು ಹೋದಳು ಎಂದರು. ಹೊರಗೆ ನಿಂತು ಕೂಗಿದಳಂತೆ, ಇವರು ಉತ್ತರ ಕೊಟ್ಟರಂತೆ, ಬಂದು ಪಕ್ಕದಲ್ಲಿ ಕೂತಳಂತೆ. ಮಾತೇನೂ ಆಡಲಿಲ್ಲ, ಕೈ ಹಿಡಿದುಕೊಂಡಿದ್ದಳು, ಕೈ ಬೆಚ್ಚಗಿತ್ತು ಎಂದರು. ಮಿರ್ಲಾಂದ್ ಕೆಲಸ ಮುಗಿಸಿ ಬರುವಾಗ ಮನೆಯಲ್ಲಿ ತಾಯಿಯೊಬ್ಬರೇ ಇದ್ದರು. ನನ್ನೊಳಗಿನ ಡಾಕ್ಟರು ಸುಮ್ಮನಿರಲಿಲ್ಲ. ತೂಕಡಿಕೆ, ಸೋಂಕು, ಸಕ್ಕರೆ ಏರುಪೇರು ಎಂದು ಒಂದೊಂದೇ ಯೋಚಿಸುತ್ತ, ಹೇಗೆ ಕೂಗಿದಳು ಎಂದು ಕೇಳಿದೆ. ಸೊಲಾಂಜ್ ಬಾಯಿ ತೆರೆದು, “ಓಣಿ” ಎಂದರು. ಆ ‘ಣ’ ಧಾರವಾಡದವರ ಬಾಯಿಂದ ಬಂದ ಹಾಗೇ ಬಂತು.

ಲಿಫ್ಟಿನ ಹತ್ತಿರ ಹೋಗಿ ತಮ್ಮನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಶುರುಮಾಡಿದ.

“ಅಕ್ಕಾ, ನಾನಽ ಮಾಡಾಂವಿದ್ದೆ. ಈಗ ಒಂದೂವರಿ ತಾಸಿನ ಹಿಂದ ಅವ್ವ ಮಾತಾಡಿದ್ಲು! ‘ಓಣಿ’ ಅಂತ ಜೋರಾಗಿ ಅಂದ್ಲು. ಇಷ್ಟು ರಾತ್ರ್ಯಾಗೂ ಹೊರಗ ಓಣ್ಯಾಗ ಕರ್ಕೊಂಡು ಹೋಗು ಅಂತಾಳೇನೋ ಅಂತ ಗಾಲಿಕುರ್ಚಿ ಬಾಗಲತನಕ ತಂದೆ. ಅಕಿ ಓಣಿ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ನಗಾಕತ್ತಿದ್ಲು.”

ಮುಂದಿನ ಶನಿವಾರ ಸೊಲಾಂಜ್ ಹಾಲ್‌ಗೆ ಬಂದರು. ಹೈಟಿಯಲ್ಲಿ ಕೆಲಸ ಮಾಡಿಬಂದ ಡಾಕ್ಟರೊಬ್ಬರ ಎದುರು ಕುರ್ಚಿ ಎಳೆದು ಕೂತು, ತಮ್ಮ ಗಂಡನ ಕಾಲಿನ ಕಥೆಯನ್ನು ಮೊದಲ ಬಾರಿಗೆ ಪೂರ್ತಿ ಹೇಳಿದರು. ಆತ ಸಮಜಾಯಿಷಿ ಕೊಡಲಿಲ್ಲ, ಕೂತು ಕೇಳಿದ. ಈಗಲೂ ಅವರು ತಪ್ಪದೆ ಬರುತ್ತಾರೆ. ಅವ್ವ ಮರುವರ್ಷ ಬೇಸಿಗೆಯಲ್ಲಿ ತೀರಿಕೊಂಡಳು. ಅಂದಿನ ಆ ಒಂದು ಮಾತಿನ ನಂತರ ಮತ್ತೆ ಮಾತಾಡಲಿಲ್ಲ. ಸುದ್ದಿ ಹೇಳಿದಾಗ ಸೊಲಾಂಜ್ ಅತ್ತರು, ಆದರೂ ಅವಳು ಬಂದಿದ್ದಳಲ್ಲ ಎಂದು ನನಗೇ ಸಮಾಧಾನ ಹೇಳಿದರು.

ಸೊಲಾಂಜ್ ಕನಸು ಕಂಡಿರಬಹುದು. ಅವ್ವ ಓಣಿಯನ್ನೇ ಕೇಳಿರಬಹುದು. ಬೇರೆಬೇರೆಯಾಗಿ ಎರಡಕ್ಕೂ ಕಾರಣ ಹುಡುಕಬಲ್ಲೆ, ಎರಡನ್ನೂ ಒಟ್ಟಿಗಿಟ್ಟರೆ ನನ್ನ ಓದೆಲ್ಲ ಕೈಕೊಡುತ್ತದೆ. ಆದರೆ ನಿಜ ಹೇಳಬೇಕೆಂದರೆ ನನ್ನ ನಿದ್ದೆ ಕೆಡಿಸುವುದು ಅದಲ್ಲ. ಅಕ್ಸ್‌ಬ್ರಿಡ್ಜ್‌ಗೆ ಹೋಗುವ ಟ್ಯೂಬ್ ನಮ್ಮ ಸ್ಟೇಷನ್ ದಾಟಿಯೇ ಹೋಗಬೇಕು. ಅವತ್ತು ನಾನು ಇಡೀ ದಿನ ಮನೆಯಲ್ಲೇ ಇದ್ದೆ. ಅಷ್ಟು ದೂರ ಬಂದವಳು ನಮ್ಮಲ್ಲಿ ಯಾಕೆ ಇಳಿಯಲಿಲ್ಲ? ಏರ್‌ಪೋರ್ಟಿನಲ್ಲಿ ಗಲ್ಲ ಸವರಿ, ನನಗೂ ಬರ್ತೇನಿ ಅಂತಲೇ ಹೇಳಿ ಹೋಗಿದ್ದಳು.