ಅತ್ತೆಯ ಮಾತಿಗೆ ಇಳಿದ ಕಾಗೆ

ಮೊದಲೇ ಹೇಳಿಬಿಡುತ್ತೇನೆ: ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ, ಶಕುನ, ಜಾತಕ ಎಲ್ಲದರ ವಿರುದ್ಧ ಮಾತಾಡಿ ಬಹುಮಾನ ತಂದವಳು. ಯಾರಾದರೂ ‘ನನಗೊಂದು ಅನುಭವ ಆಗಿದೆ’ ಎಂದು ಬಾಯಿ ತೆರೆದರೆ ಸಾಕು, ಸಾಕ್ಷಿ ಯಾರು, ಬೆಳಕು ಎಷ್ಟಿತ್ತು ಎಂದು ನಡುವೆಯೇ ತಡೆದು ಕೇಳುತ್ತಿದ್ದೆ. ಈಗ ನಾನೇ ಹಾಗೆ ಬಾಯಿ ತೆರೆದಿದ್ದೇನೆ. ಬೆಳಕು ಚೆನ್ನಾಗಿಯೇ ಇತ್ತು, ಬೆಳಗಿನ ಹೊತ್ತು. ಸಾಕ್ಷಿಗೆ ನಮ್ಮ ಇಡೀ ಮನೆತನವಿತ್ತು.

ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ಜುಗೂಳದಲ್ಲಿ ಕೃಷ್ಣೆಯ ದಂಡೆಗೆ ನಮ್ಮ ಕಬ್ಬಿನ ಹೊಲ. ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಚಿಕ್ಕಂದಿನಲ್ಲಿ ವಿಷಮಜ್ವರ ಬಂದಾಗ ಮಿರಜಿನ ದವಾಖಾನೆಯ ನೆಲದ ಮೇಲೆ ಮುತ್ಯಾ ವಾರಗಟ್ಟಲೆ ಮಲಗಿದ್ದನಂತೆ. ಆಯಿಗೆ, ಅಂದರೆ ಅಜ್ಜಿಗೆ, ಸಂಧಿವಾತದಿಂದ ಬೆರಳು ಸೆಟೆದುಕೊಂಡ ಮೇಲೆ ಅವಳ ತಲೆ ಬಾಚಿ ಹೆರಳು ಹಾಕುತ್ತಿದ್ದವನು ಅವನೇ. ಅದೂ ಹೊರಗಿನ ಕಟ್ಟೆಯ ಮೇಲೆ ಕೂತು. ಹಾದಿಯಲ್ಲಿ ಹೋಗುವವರು ನಕ್ಕರೆ, “ಎತ್ತಿನ ಹಗ್ಗಾ ಹೊಸೆದಂವಗ ಹೆಂಡತಿ ಹೆರಳ ಏನ್ ಭಾರೀಲೇ?” ಎನ್ನುತ್ತಿದ್ದ.

ನನಗೆ ವಾದ ಮಾಡುವುದನ್ನು ಕಲಿಸಿದವನೂ ಅವನೇ. ನಾನು ಏನು ಹೇಳಿದರೂ ಅದರ ವಿರುದ್ಧ ನಿಲ್ಲುತ್ತಿದ್ದ, ನಾನು ಗೆದ್ದಾಗ ನನಗಿಂತ ಹೆಚ್ಚು ಹಿಗ್ಗುತ್ತಿದ್ದ. ನನಗೆ ವರ ನೋಡುವ ಮಾತು ಬಂದ ದಿನ ಊಟದ ನಡುವೆ ಗಂಗಾಳ ಸರಿಸಿ ಹೇಳಿದ್ದ: “ಆಕಿ ಕರೀ ಕೋಟ ಹಾಕೂತನಾ ಈ ಮನ್ಯಾಗ ಯಾರೂ ಲಗ್ನದ ಮಾತ ಎತ್ತೂಹಂಗಿಲ್ಲ.” ಆ ಒಂದು ಮಾತಿನ ಮೇಲೆ ನಾನು ಬೆಳಗಾವಿಗೆ ಹೋಗಿ ಕಾನೂನು ಓದುತ್ತಿದ್ದೆ. ಮನೆಯಲ್ಲಿ ನನ್ನ ಪಕ್ಷ ಎಂದರೆ ಅವನೊಬ್ಬನೇ.

ಕೊನೆಯ ವರ್ಷದ ಪರೀಕ್ಷೆ ಇನ್ನೂ ದೂರವಿದ್ದಾಗ ಮುತ್ಯಾ ಹೊಲದಲ್ಲೇ ಎದೆ ಹಿಡಿದುಕೊಂಡು ಹೋದ.

ನಮ್ಮ ಕಡೆ ಮೂರನೇ ದಿನ ಬೂದಿಯನ್ನು ಹೊಳೆಗೆ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಎಲೆಯ ಮೇಲೆ ಎಡೆ ಇಡುತ್ತಾರೆ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಅದೇನಿರಬಹುದೆಂದು ಊಹಿಸಿ ಮಾತು ಕೊಡಬೇಕು. ಯಾರ ಮಾತಿಗೆ ಕಾಗೆ ಇಳಿಯುತ್ತದೋ ಅದೇ ಹೋದವರ ಕೊನೆಯ ಆಸೆ.

ಅಂದು ಒಂದೇ ಒಂದು ಕಾಗೆ ಜಾಲಿ ಗಿಡದ ಮೇಲೆ ಬಂದು ಕೂತಿತು, ಇಳಿಯಲಿಲ್ಲ. ಅಪ್ಪ ಕೈಮುಗಿದು, “ಅವ್ವನ್ನ ಚಂದಂಗ ನೋಡ್ಕೋತೀವೋ ಅಪ್ಪಾ” ಎಂದ. ಕಾಕಾ, “ಹೊಲಾ ಪಾಲ ಮಾಡೂದಿಲ್ಲೋ” ಎಂದ. ಕಾಗೆ ಕೊಕ್ಕು ತಿಕ್ಕಿಕೊಂಡಿತು.

“ಚಾ ಇಟ್ಟೀರೇನ್ರಿ?” ಎಂದರು ಮುತ್ಯಾನ ಗೆಳೆಯರೊಬ್ಬರು. “ಚಾ ಇಲ್ಲದ ಅಂವಾ ಎಂದರ ಊಟಕ್ಕ ಕುಂತಾನ?” ಅಳುತ್ತಿದ್ದವರೂ ನಕ್ಕರು. ಯಾರೋ ಗಾಡಿಯ ಮೇಲೆ ಹೋಗಿ ಚಹಾ ತಂದರು. ಅದೂ ಆರಿತು. ಅತ್ತ ಕಡೆ ಇನ್ನೊಂದು ಮನೆಯವರ ಎಡೆಗೆ ಕಾಗೆಗಳು ಮುಗಿಬಿದ್ದು ಉಣ್ಣುತ್ತಿದ್ದವು. ಆಯಿ ಅದನ್ನೇ ನೋಡುತ್ತಿದ್ದಳು. ಆಮೇಲೆ ಸೆಟೆದ ಬೆರಳುಗಳನ್ನು ಹೇಗೋ ಜೋಡಿಸಿ, “ನಂದೇನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರ್ರಿ” ಎಂದಳು. ಕಾಗೆ ಅಲ್ಲಾಡಲಿಲ್ಲ. ಆಯಿಯ ಮುಖ ನೋಡಲಾಗಲಿಲ್ಲ.

ನನಗೆ ಸಿಟ್ಟು ಬಂತು. ಅಷ್ಟು ವರ್ಷ ಸಂಸಾರ ಮಾಡಿದವಳು ಒಂದು ಹಕ್ಕಿಯ ಮುಂದೆ ತಪ್ಪೊಪ್ಪಿಕೊಳ್ಳಬೇಕೇ? ಅಪ್ಪನ ಕಿವಿಯಲ್ಲಿ, “ಎಡಿ ಆಕಳಿಗೆ ಹಾಕಿ ನಡೀರಿ, ಆಯಿ ಬಿಸಲಾಗ ಬಿದ್ದಾಳು” ಎಂದೆ. ಅಷ್ಟರಲ್ಲಿ ರಾಯಬಾಗದ ಅತ್ತೆ, ಮುತ್ಯಾನ ಒಬ್ಬಳೇ ಮಗಳು, ಸೆರಗನ್ನು ಬಾಯಿಗೆ ಹಿಡಿದು ಮುಂದೆ ಬಂದಳು. ಎಲ್ಲರೂ ಕಿವಿಗೊಟ್ಟು ಕೇಳಬೇಕಾದಷ್ಟು ಮೆಲ್ಲಗೆ, “ಅಪ್ಪಾ, ನಿನ್ನ ಮೊಮ್ಮಗಳ ಲಗ್ನಾ ವರ್ಷದೊಳಗ ಮಾಡ್ತೀವಿ. ಬಾ, ಉಣ್ಣ” ಎಂದಳು.

ಕಾಗೆ ಇಳಿಯಿತು.

“ಮುಟ್ತು, ಮುಟ್ತು!” ಎಂದು ಎಲ್ಲರೂ ಕೈಮುಗಿದರು. ಆಯಿ ಕುಸಿದು ಕೂತು ಅತ್ತಳು, ಹಗುರಾಗಿ ಅತ್ತಳು. ಆಮೇಲೆ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು.

ಆಗ ನಾನು ಮಾಡಿದ್ದು ನನಗೇ ಅರ್ಥವಾಗಿಲ್ಲ. ಎಲೆಯ ಹತ್ತಿರ ಹೋಗಿ ಕೂತು, “ಮುತ್ಯಾ, ನೀ ಹಿಂಗ ಹೇಳಿದ್ದಿಲ್ಲ” ಎಂದೆ. ಕೂಗಲಿಲ್ಲ, ಮೆಲ್ಲಗೇ ಅಂದೆ. ಕಾಗೆ ಹಾರಲಿಲ್ಲ. ತಿನ್ನುವುದನ್ನು ಬಿಟ್ಟು, ತಲೆ ಓರೆ ಮಾಡಿ, ಬಲಮಗ್ಗುಲನ್ನು ನನಗೆ ಕೊಟ್ಟು ಸ್ವಲ್ಪ ಹೊತ್ತು ನಿಂತಿತು. ಮುತ್ಯಾನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ನಾನು ವಾದಕ್ಕೆ ನಿಂತಾಗಲೆಲ್ಲ ಅವನು ಬಲಗಿವಿಯನ್ನು ಹೀಗೇ ಮುಂದೆ ಮಾಡುತ್ತಿದ್ದ. ಆಮೇಲೆ ಕಾಗೆ ಮತ್ತೆ ಎಲೆಗೆ ಬಾಗಿ ಸಾವಕಾಶ ಉಂಡಿತು.

ಗೊತ್ತು. ಕಾಗೆಯ ಕಣ್ಣುಗಳು ಪಕ್ಕದಲ್ಲಿರುತ್ತವೆ, ಅದು ಯಾರನ್ನು ನೋಡಿದರೂ ಹಾಗೇ ನೋಡುತ್ತದೆ. ಹಸಿವಾದಾಗ ಇಳಿಯುತ್ತದೆ. ಇಳಿದ ಕ್ಷಣದಲ್ಲಿ ಯಾರು ಮಾತಾಡುತ್ತಿದ್ದರೋ ಅವರದೇ ಗೆಲುವು. ಇದನ್ನೆಲ್ಲ ಅಂದು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು, “ನನ್ನ ಜೋಡಿ ಬೇಕಾದಷ್ಟ ವಾದ ಮಾಡವಾ. ನಮ್ಮಪ್ಪನ ಜೋಡಿ ನಾ ಹೆಂಗ ಮಾಡ್ಲಿ?” ಎಂದ. ಪಾಟೀಸವಾಲಿಗೆ ಸಿಗದ ಸಾಕ್ಷಿ ಅದು. ಹದಿಮೂರನೇ ದಿನ ಮುಗಿಯುವುದರೊಳಗೆ ಅಥಣಿ ಕಡೆಯ ಒಂದು ಮನೆತನದ ಮಾತು ಬಂದಿತ್ತು.

ಆದರೆ ನನ್ನನ್ನು ಮುರಿದದ್ದು ಕಾಗೆಯಲ್ಲ, ಆಯಿ. ಮುತ್ಯಾನ ಕೆಲಸ ಈಗ ನನ್ನದಾಗಿತ್ತು. ಒಂದು ದಿನ ಹೆರಳು ಹಾಕುತ್ತಿದ್ದಾಗ, ಇದೆಲ್ಲ ಅತ್ತೆಯ ಹೂಟ ಎಂದು ಬೈದೆ. ಆಯಿ ತಲೆ ತಿರುಗಿಸದೆ ಹೇಳಿದಳು: “ಆಕೀಗೇನ ಗೊತ್ತಬೇ? ಇವರು ನನ್ನ ಮುಂದ ಅಷ್ಟೇ ಅಂತಿದ್ರು. ‘ಆಕಿ ತಲೀ ಮ್ಯಾಲ ನಾಕ ಅಕ್ಕಿಕಾಳ ಹಾಕಿ ಹೋಗಿದ್ರ ಸಾಕಿತ್ತು, ಓದೂದು ಆಮ್ಯಾಲೂ ಆಗ್ತಿತ್ತು’ ಅಂತ. ಖರೆ, ‘ಆಕೀ ಮುಂದ ಬಾಯಿ ಬಿಡಬ್ಯಾಡ’ ಅಂದಿದ್ರು.”

ಬಾಚಣಿಗೆ ನನ್ನ ಕೈಯಲ್ಲೇ ಉಳಿಯಿತು. ಊಟದ ಗಂಗಾಳ ಸರಿಸಿ ಎಲ್ಲರೆದುರು ಆಡಿದ್ದು ಒಂದು, ಹೆಂಡತಿಯ ಮುಂದೆ ಆಡಿದ್ದು ಇನ್ನೊಂದು. ಅವಳಿಗೆ ಅವನು ಒಂದು ಮಾತನ್ನೂ ಮುಚ್ಚಿಟ್ಟವನಲ್ಲ. ಒಳ್ಳೆಯ ಗಂಡ. ನನಗೆ ಮಾತ್ರ ನಾನು ಕೇಳಬಯಸಿದ್ದನ್ನು ಹೇಳುತ್ತ ಬಂದ. ಅತ್ತೆಗೆ ಹೇಳಿದ್ದೆಯಾ ಎಂದು ಆಯಿಯನ್ನು ಬಗೆಬಗೆಯಾಗಿ ಕೇಳಿದೆ. ಇಲ್ಲವೆಂದು ಆಣೆ ಇಟ್ಟಳು. ಅತ್ತೆಯನ್ನೂ ಕೇಳಿದೆ. “ಯಾಕ ಬಾಯಾಗ ಬಂತೋ ನನಗೂ ತಿಳೀವಲ್ದು” ಎಂದಳು. ಇಬ್ಬರೂ ಸುಳ್ಳು ಹೇಳುವವರಲ್ಲ.

ಅಥಣಿಯವರು ಬಂದರು, ಚಹಾ ಕುಡಿದರು. ಪರೀಕ್ಷೆ ಮುಗಿಯದೆ ಮದುವೆಯಿಲ್ಲ ಎಂದು ನಾನೇ ಹೇಳಿದೆ. ಹೋದವರು ಮತ್ತೆ ಬರಲಿಲ್ಲ. ವರ್ಷವೆಲ್ಲ ಮನೆಯಲ್ಲಿ ಯಾರೂ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಕೊಟ್ಟ ಮಾತು ತಪ್ಪಿತೆಂದು ಆಯಿ ಪ್ರತಿ ಅಮಾವಾಸ್ಯೆಗೂ ಹೆದರಿದಳು. ಪರೀಕ್ಷೆ ಮುಗಿಸಿದೆ. ಈಗ ಚಿಕ್ಕೋಡಿಯ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ಮದುವೆ ಆಗಿಲ್ಲ.

ವರ್ಷದ ತಿಥಿಯ ದಿನ ಆಯಿ ಸೆಟೆದ ಬೆರಳುಗಳಲ್ಲೇ ಎಡೆ ಇಟ್ಟು ಹಿಂದೆ ಸರಿಯುವಷ್ಟರಲ್ಲಿ ಕಾಗೆ ಬಂದು ಮುಟ್ಟಿತು. ಯಾರೂ ಏನನ್ನೂ ಕೇಳಿರಲಿಲ್ಲ, ಯಾರೂ ಮಾತು ಕೊಟ್ಟಿರಲಿಲ್ಲ. “ಸಿಟ್ಟ ಇಳದೈತಿ ಇವರದು” ಎಂದು ಆಯಿ ನಕ್ಕಳು.

ಅವನದು ಇಳಿದಿರಬಹುದು. ನನ್ನೆದುರಿಗೆ ಹೇಳಿದ್ದರೆ ನಾನು ವಾದಿಸಿ ಗೆಲ್ಲುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ನಾನು ಉತ್ತರ ಕೊಡಲಾಗದ ಕಡೆಯಿಂದ ಹೇಳಿದ ಎಂದು ನಾನು ಇವತ್ತಿಗೂ ಕುದಿಯುತ್ತೇನೆ. ಹಾಗೆ ಕುದಿಯುವಾಗಲೆಲ್ಲ ನನ್ನೊಳಗಿನ ವಕೀಲೆ ಎದ್ದು ನಿಲ್ಲುತ್ತಾಳೆ: ಅದು ಬರೀ ಕಾಗೆ ಎನ್ನುವವಳು ನೀನು, ಹಾಗಾದರೆ ಈ ಸಿಟ್ಟು ಯಾರ ಮೇಲೆ? ಸಿಟ್ಟಂತೂ ಇದೆ.