ಕಿರುಗಾವಲಿನ ಬೂತಿಗೆ ಬಂದ ಸೀಸೆ

ನಾಗಶ್ರೀ ಹುಟ್ಟಿದ್ದು ಕಿರುಗಾವಲಿನಲ್ಲಿ, ಓದಿದ್ದು ಮಳವಳ್ಳಿಯಲ್ಲೂ ಮೈಸೂರಿನಲ್ಲೂ, ಕೆಲಸಕ್ಕೆ ಸೇರಿದ್ದು ನಿಡಘಟ್ಟದ ಹತ್ತಿರ ಹೆದ್ದಾರಿಗೆ ಅಂಟಿಕೊಂಡಿದ್ದ ಒಂದು ಲಸಿಕೆ ಕಾರ್ಖಾನೆಯಲ್ಲಿ. ಎಂ.ಎಸ್ಸಿ. ಮುಗಿಸಿದಾಗ ಅವಳಿಗಿದ್ದದ್ದು ಕಾಲೇಜಿನಲ್ಲಿ ಪಾಠ ಹೇಳುವ ಆಸೆ. ಪೋಲಿಯೋ ಎಂದರೆ ಚಿಕ್ಕಂದಿನಲ್ಲಿ ಶಾಲೆಯ ಜಗುಲಿಯ ಮೇಲೆ ನಾಲಿಗೆಗೆ ಬಿದ್ದ ಎರಡು ಕಹಿ ಹನಿ, ಅದಕ್ಕಿಂತ ಹೆಚ್ಚೇನೂ ಅವಳಿಗೆ ಗೊತ್ತಿರಲಿಲ್ಲ. ಮದ್ದೂರಿನ ಮೇಲೆ ಹೋದರೆ ಬಸ್ಸು ಸಲೀಸು, ಕಾಲೇಜಿನ ಕರೆ ಬರುವವರೆಗೆ ಇರಲಿ ಅಂದುಕೊಂಡು ಸೇರಿದವಳು ಅಲ್ಲೇ ಉಳಿದುಬಿಟ್ಟಳು.

ಉಳಿಸಿಕೊಂಡವರು ರಾಜೇಂದ್ರ. ಕಾರ್ಖಾನೆಯ ಗುಣಪರೀಕ್ಷೆ ವಿಭಾಗದ ಮುಖ್ಯಸ್ಥರು, ಮೈಸೂರಿನ ಕಡೆಯವರು, ಮೆಲುಮಾತಿನ ಮನುಷ್ಯ. ಸಂದರ್ಶನದ ದಿನ ಅವರು ಅಂಕಪಟ್ಟಿಯನ್ನು ತಿರುಗಿಸಿ ಕೂಡ ನೋಡಲಿಲ್ಲ. ಅವಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ, ಕೈಗೆ ಪಿಪೆಟ್ ಕೊಟ್ಟು, "ನೀರು ಎಳೆದು ಬಿಡಮ್ಮ, ಕೈ ನೋಡೋಣ" ಅಂದರು. ಕೈ ನಡುಗಲಿಲ್ಲ. ಅಂದಿನಿಂದ ಅವರು ಅವಳಿಗೆ ಕೆಲಸ ಕಲಿಸಿದ ಗುರು. ಅವಳ ಅಪ್ಪ ಮಂಡ್ಯದ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ತಮ್ಮ ಕಾರು ತಂದು ನಿಲ್ಲಿಸಿ, ಅಣ್ಣ ಕನಕರಾಜುವಿನ ಜತೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅವಳ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತು ಬಂದವರನ್ನು ಊಟಕ್ಕೆ ಎಬ್ಬಿಸಿದ್ದರು. ಗಂಡ ಸ್ವಾಮಿ, ಮದ್ದೂರಿನ ಹೈಸ್ಕೂಲು ಮೇಷ್ಟ್ರು, ಎಷ್ಟೋ ಸಲ ನಗೆಯಾಡುತ್ತಿದ್ದ: "ನಿಮ್ ಸಾರ್ ಹೇಳಿದ್ರೆ ನೀನು ಬಾವಿಗೂ ಬೀಳ್ತೀಯ ಕಣೆ."

ಅವಳ ಕೆಲಸ ಹೊರಗಿನವರಿಗೆ ಹೇಳಿದರೆ ತಲೆಕೆಳಗಾಗಿ ಕಾಣುವಂಥದ್ದು. ಪೋಲಿಯೋ ಹನಿಯೊಳಗೆ ಇರುವುದು ಬದುಕಿರುವ ವೈರಾಣುವೇ; ಆದರೆ ಪೊಗರು ಇಳಿಸಿ ಸಾಧು ಮಾಡಿದ್ದು. ಅದು ಬದುಕಿದ್ದರೆ ಮಾತ್ರ ಮಗುವಿನ ಹೊಟ್ಟೆ ಸೇರಿ ರಕ್ಷಣೆ ಕಲಿಸುತ್ತದೆ. ಬದುಕಿದೆಯೋ ಇಲ್ಲವೋ ತಿಳಿಯಲು ನಾಗಶ್ರೀ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಜೀವಕೋಶಗಳನ್ನು ಬೆಳೆಸಿ, ಲಸಿಕೆಯನ್ನು ತೆಳ್ಳಗೆ ಮಾಡುತ್ತಾ ಹೋಗಿ ಒಂದೊಂದು ಗುಳಿಗೂ ಹಾಕಿ, ಒಂದು ವಾರ ಬೆಚ್ಚಗಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳು. ಜೀವಕೋಶ ಮುದುಡಿ ಸತ್ತಿದ್ದರೆ ಲಸಿಕೆ ಚೆನ್ನಾಗಿದೆ. ಹುಲುಸಾಗಿ ಬೆಳೆದು ನಿಂತಿದ್ದರೆ ಲಸಿಕೆ ಸತ್ತಿದೆ.

ಕಳೆದ ಬೇಸಿಗೆಯಲ್ಲಿ ಕಾರ್ಖಾನೆಯ ಎರಡು ಶೀತಲ ಕೊಠಡಿಗಳಲ್ಲಿ ಒಂದರ ಯಂತ್ರ ಕೆಟ್ಟಿತು. ಶನಿವಾರ ಕೆಟ್ಟದ್ದು ಗೊತ್ತಾದದ್ದು ಸೋಮವಾರ. ಒಳಗೆ ಒಂದು ಬ್ಯಾಚಿನ ಅರ್ಧದಷ್ಟು ಸೀಸೆಗಳಿದ್ದವು. ತುಂಬಿ, ಮುಚ್ಚಳ ಬಿಗಿದು, ಇನ್ನೂ ಲೇಬಲ್ ಅಂಟಿಸದೆ ಇಟ್ಟಿದ್ದವು. ಉಳಿದರ್ಧ ಪಕ್ಕದ ಕೊಠಡಿಯಲ್ಲಿ ಕ್ಷೇಮವಾಗಿತ್ತು. ನಾಗಶ್ರೀ ಬಿಸಿ ತಗುಲಿದ ಸೀಸೆಗಳನ್ನು ಪರೀಕ್ಷೆಗೆ ಹಾಕಿದಳು. ವಾರ ಕಳೆದು ನೋಡಿದರೆ, ಸತ್ತಿರಬೇಕಾದ ಗುಳಿಗಳಲ್ಲಿ ಜೀವಕೋಶಗಳು ನಾಟಿ ಹಾಕಿದ ಗದ್ದೆಯ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಮತ್ತೊಮ್ಮೆ ಮಾಡಿದಳು. ಅದೇ.

ರಾಜೇಂದ್ರ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. "ಈ ಬ್ಯಾಚು ಹೊರಗೆ ಹೋಗೋದಿಲ್ಲಮ್ಮ" ಅಂದರು. ಮರುವಾರ ಅವಳನ್ನು ಬೇರೆ ಕೆಲಸಕ್ಕೆ ಹಾಕಿದರು. ಹೊಸ ಜೀವಕೋಶಗಳ ದಾಸ್ತಾನು ಮಾಡುವ ಜವಾಬ್ದಾರಿ, ಅದಕ್ಕೆ ಒಳ್ಳೆಯ ಕೈಯೇ ಬೇಕಂತೆ. ಅವಳಿಗೆ ಹೆಮ್ಮೆಯೇ ಆಯಿತು.

ಚಳಿಗಾಲದಲ್ಲಿ ಪಲ್ಸ್ ಪೋಲಿಯೋ ಭಾನುವಾರ ಹತ್ತಿರ ಬಂತು. ಹಳ್ಳಿಗಳಲ್ಲಿ ಜನ ಬೇಸತ್ತಿದ್ದಾರೆ, ಎಷ್ಟು ಸಲ ಹಾಕಿಸೋದು ಅಂತ ಬೂತಿಗೆ ಬರುತ್ತಿಲ್ಲ ಎಂಬ ದೂರು ಎಲ್ಲ ಕಡೆ ಇತ್ತು. ರಾಜೇಂದ್ರ ಅವಳನ್ನು ಕರೆದರು.

"ನೀನು ನಿಮ್ಮೂರಿಗೆ ಹೋಗಿ ಬೂತಲ್ಲಿ ಕೂತ್ಕೋಮ್ಮ. ತಯಾರು ಮಾಡೋ ಕೈನೇ ಬಂದು ಕೊಟ್ರೆ ಜನ ನಂಬ್ತಾರೆ. ನಮಗೂ ಒಳ್ಳೆ ಹೆಸರು."

ಅವಳು ಹೋದಳು. ಆಶಾ ಕಾರ್ಯಕರ್ತೆ ವೀಣ ಹಿಂದಿನ ದಿನವೇ ಬೀದಿಬೀದಿಗೆ ಸಾರಿಬಿಟ್ಟಿದ್ದಳು: "ಡ್ರಾಪ್ಸ್ ಮಾಡೋಳೇ ಬತ್ತವ್ಳೆ, ನಮ್ಮೂರ್ ನಾಗಶ್ರೀ. ಬನ್ನಿ." ಬೆಳಿಗ್ಗೆ ಬಿಸಿಲು ಏರುವ ಮೊದಲೇ ಶಾಲೆಯ ಮುಂದೆ ಸಾಲು ನಿಂತಿತ್ತು. ಮೊದಲು ಬಂದವಳು ಅತ್ತಿಗೆ ಭಾಗ್ಯಲಕ್ಷ್ಮಿ, ಕಂಕುಳಲ್ಲಿ ಹಲ್ಲು ಬರುತ್ತಿದ್ದ ತೇಜು. ನಾಗಶ್ರೀ ಸೀಸೆಯ ಮೇಲಿನ ಗುರುತು ನೋಡಿದಳು. ಲೇಬಲ್ಲಿನ ಆ ಸಣ್ಣ ಚೌಕ ಬಿಸಿ ತಗುಲಿದರೆ ಕಪ್ಪಾಗಬೇಕು, ಇದು ಬೆಳ್ಳಗಿತ್ತು. ಅಣ್ಣನ ಮಗಳ ಕೆನ್ನೆ ಒತ್ತಿ ಎರಡು ಹನಿ ಬಿಟ್ಟಳು.

ಅವಳ ಹಿಂದೆ ದೊಡ್ಡಮ್ಮ ಬಂದಳು. ಹಿತ್ತಿಲ ಮನೆಯ ಮುದುಕಿ, ನಾಗಶ್ರೀಗೆ ಎಣ್ಣೆ ನೀರು ಹಾಕಿ ಬೆಳೆಸಿದವಳು. ಹಿಂದಿನ ಸುತ್ತುಗಳಲ್ಲಿ ವೀಣಳನ್ನು ಬಾಗಿಲಿಂದಾಚೆಗೆ ಅಟ್ಟಿದವಳು ಈಗ ಮೊಮ್ಮಗನನ್ನು ಎಳೆದುಕೊಂಡು ಬಂದಿದ್ದಳು.

"ಇವ್ರು ಏಳುದ್ರೆ ನಾನ್ ಬತ್ತಿರ್ನಿಲ್ಲ ಕಣವ್ವ. ನೀನ್ ಬಂದಿದ್ದೀಯಲ್ಲ, ಅದ್ಕೇ ತಂದೆ. ಉಯ್ಯಿ."

ನಾಗಶ್ರೀ ಉಯ್ದಳು.

ಮೊದಲ ಸೀಸೆ ಮುಗಿದು, ಐಸಿನ ಡಬ್ಬಿಯಿಂದ ಎರಡನೆಯದು ತೆಗೆದು ಸೆರಗಿನಿಂದ ಮೇಲಿನ ನೀರು ಒರೆಸುವಾಗ ಅವಳ ಕಣ್ಣು ಬ್ಯಾಚಿನ ಸಂಖ್ಯೆಯ ಮೇಲೆ ಬಿತ್ತು. ಮರೆಯುವ ಸಂಖ್ಯೆಯಲ್ಲ. ಮೊದಲ ಸೀಸೆಯನ್ನು ಕಸದ ಬುಟ್ಟಿಯಿಂದ ಎತ್ತಿ ನೋಡಿದಳು. ಅದೂ ಅದೇ. ಶಾಲೆಯ ಗೋಡೆ ಬಳಸಿ ಹಿಂದಕ್ಕೆ ಹೋಗಿ ಫೋನು ಮಾಡಿದಳು.

ರಾಜೇಂದ್ರರ ದನಿಯಲ್ಲಿ ಗಾಬರಿ ಇರಲಿಲ್ಲ. "ಹೌದಮ್ಮ, ಅದನ್ನ ಮರುಪರೀಕ್ಷೆ ಮಾಡಿಸ್ದೆ. ಸಂತೋಷ್ ಮಾಡಿದ. ಪಾಸಾಯ್ತು. ಸರ್ಕಾರದ ಪ್ರಯೋಗಾಲಯದಲ್ಲೂ ಪಾಸಾಗಿದೆ. ನಿಂಗೆ ಹೇಳೋದು ಮರೆತೆ. ಕೊಡು, ಕೊಡು, ಪಾಪ ಮಕ್ಕಳು ಬಿಸಿಲಲ್ಲಿ ನಿಂತಿರ್ತವೆ."

"ನಾನು ಎರಡು ಸಲ ನೋಡಿದ್ನಲ್ಲ ಸಾರ್."

"ನಾನು ಹೇಳ್ತಿದೀನಲ್ಲಮ್ಮ."

ಅಷ್ಟು ಸಾಕಾಯಿತು ಅವಳಿಗೆ. ಪರೀಕ್ಷೆಯಲ್ಲಿ ತನ್ನದೇ ಏನೋ ತಪ್ಪಾಗಿರಬೇಕು ಅಂದುಕೊಂಡಳು. ಬಂದು ಕುರ್ಚಿಯಲ್ಲಿ ಕೂತು ಸಂಜೆಯವರೆಗೆ ಊರಿನ ಮಕ್ಕಳ ಬಾಯಿಗೆ ಹನಿ ಹಾಕಿದಳು. ವೀಣ ಕಿರುಬೆರಳಿಗೆ ಶಾಯಿ ಹಚ್ಚುತ್ತಾ ಹೋದಳು. ಅಷ್ಟು ಮಕ್ಕಳು ಹಿಂದೆ ಯಾವತ್ತೂ ಬಂದಿರಲಿಲ್ಲ.

ಬುಧವಾರ ಕ್ಯಾಂಟೀನಿನಲ್ಲಿ ಸಂತೋಷ್ ಸಿಕ್ಕ. ಅವಳಿಗಿಂತ ಕಿರಿಯ ವಿಜ್ಞಾನಿ, ಅವಳೇ ಕೆಲಸ ಕಲಿಸಿದ ಹುಡುಗ. ಬೇಸಿಗೆಯ ಬ್ಯಾಚಿನಲ್ಲಿ ತನ್ನ ತಪ್ಪು ಎಲ್ಲಾಯಿತು ಅಂತ ತಿಳಿಯುವ ಒಂದೇ ಆಸೆಯಿಂದ ಅವಳು ಕೇಳಿದಳು. ಅವನು ಚಿತ್ರಾನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ.

"ಮೇಡಂ, ನಂಗೆ ಸಾರ್ ಕೊಟ್ಟಿದ್ದು ಒಳ್ಳೆ ಕೊಠಡಿ ಸೀಸೆ. ಸರ್ಕಾರಕ್ಕೆ ಕಳಿಸಿದ್ದೂ ಅದ್ರಲ್ಲೇ. ನಿಮ್ಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ಮತ್ತೆ ಕೆಟ್ಟ ಕೊಠಡೀದು?"

"ಲೇಬಲ್ ಅಂಟಿಸಿ ಒಟ್ಟಿಗೇ ಸೇರಿಸಿದ್ರು."

ಆಗ ಅವಳಿಗೆ ಆ ಬಿಳಿ ಚೌಕದ ಅರ್ಥವಾಯಿತು. ಸೀಸೆ ಕಾದದ್ದು ಬೇಸಿಗೆಯಲ್ಲಿ, ಲೇಬಲ್ ಅಂಟಿದ್ದು ಆಮೇಲೆ. ಹೊಸ ಲೇಬಲ್ಲು ಹಳೆಯ ಬಿಸಿಯನ್ನು ಎಲ್ಲಿಂದ ಕಾಣಬೇಕು?

ತಟ್ಟೆ ಅಲ್ಲೇ ಬಿಟ್ಟು ರಾಜೇಂದ್ರರ ಕೋಣೆಗೆ ಹೋದಳು. ಅವರು ಕೂರಲು ಹೇಳಿದರು, ಅವಳು ಕೂರಲಿಲ್ಲ. ಅವರು ಸುಳ್ಳು ಮುಂದುವರಿಸಲೂ ಇಲ್ಲ.

"ವಿಷ ಏನೂ ಕೊಟ್ಟಿಲ್ಲ ನಾವು. ಅಬ್ಬಬ್ಬಾ ಅಂದ್ರೆ ನೀರು. ದೇಶದಲ್ಲಿ ಪೋಲಿಯೋ ಎಲ್ಲಿದೆ ಈಗ? ಒಂದು ಸುತ್ತು ತಪ್ಪಿದ್ರೆ ಮುಂದಿನ ಸುತ್ತು ಇದ್ದೇ ಇದೆ. ಆ ಬ್ಯಾಚು ಬಿಸಾಡಿದ್ರೆ ಸರ್ಕಾರದ ಗುತ್ತಿಗೆ ಹೋಗ್ತಿತ್ತು, ಗುತ್ತಿಗೆ ಹೋದ್ರೆ ಬಾಗಿಲು ಮುಚ್ಚೋದೇ. ಇಲ್ಲಿ ದುಡಿಯೋರೆಲ್ಲ ನಿಮ್ಮ ಮದ್ದೂರು ಮಳವಳ್ಳಿ ಕಡೆಯೋರೇ."

ಇದೆಲ್ಲವನ್ನೂ ಅವಳು ಕೇಳಿಸಿಕೊಂಡಳು. ಅವಳಿಗೆ ಬೇಕಿದ್ದದ್ದು ಬೇರೆ ಉತ್ತರ.

"ನನ್ನನ್ನ ಊರಿಗೆ ಕಳಿಸ್ದಾಗ, ಆ ಸೀಸೆ ಅಲ್ಲಿಗೇ ಹೋಗುತ್ತೆ ಅಂತ ಗೊತ್ತಿತ್ತಾ ಸಾರ್?"

ರಾಜೇಂದ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಜಿಲ್ಲೆಗೆ ಹೋಗುತ್ತೆ ಅಂತ ಗೊತ್ತಿತ್ತು. ನಿಮ್ಮ ಬೂತಿಗೇ ಬರುತ್ತೆ ಅಂತ ಗೊತ್ತಿರ್ಲಿಲ್ಲ." ಆಮೇಲೆ, "ಫೋನಲ್ಲಿ ಬೇಡ ಅಂದಿದ್ರೆ ಗಲಾಟೆ ಆಗ್ತಿತ್ತಮ್ಮ" ಅಂದರು.

ಅವಳು ಅಳಲಿಲ್ಲ. ಅಂದು ಬಸ್ಸಿನಲ್ಲಿ ಮದ್ದೂರಿನವರೆಗೆ ನಿಂತೇ ಬಂದಳು, ಸೀಟು ಖಾಲಿಯಿತ್ತು. ಸ್ವಾಮಿ ಎಲ್ಲ ಕೇಳಿ, "ಬಾಯಿ ಬಿಟ್ರೆ ಮೊದಲು ಹೋಗೋದು ನಿನ್ನ ಕೆಲಸ" ಅಂದ. ಆಮೇಲೆ ತಾನೇ, "ನಾಳೆ ರಜ ಹಾಕ್ತೀನಿ. ಮಂಡ್ಯಕ್ಕೆ ಜತೆಗೆ ಹೋಗೋಣ" ಅಂದ.

ಮಂಡ್ಯದಲ್ಲಿ ಲಸಿಕೆ ಉಸ್ತುವಾರಿಯ ವೈದ್ಯಾಧಿಕಾರಿ ಅವಳ ಮಾತನ್ನು ಮೊದಲು ಅರ್ಧ ನಂಬಿದರು. ಕೆಲಸದಲ್ಲಿ ಮುನಿಸಿಕೊಂಡವರು ಹೇಳುವ ಮಾತು ಅಂದುಕೊಂಡರೋ ಏನೋ. ಆದರೂ ಉಗ್ರಾಣದಲ್ಲಿ ಉಳಿದಿದ್ದ ಆ ಬ್ಯಾಚಿನ ಸೀಸೆಗಳಿಗೆ ಸೀಲು ಹಾಕಿಸಿ, ಬೇರೆ ಬೇರೆ ಪೆಟ್ಟಿಗೆಯಿಂದ ಆಯ್ದು ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ವಾರಗಳೇ ಹಿಡಿದವು. ಅಷ್ಟೂ ದಿನ ನಾಗಶ್ರೀ ಕೆಲಸಕ್ಕೆ ಹೋದಳು. ರಾಜೇಂದ್ರ ಎದುರು ಸಿಕ್ಕಾಗ ಮೊದಲಿನ ಹಾಗೇ "ಊಟ ಆಯ್ತಾಮ್ಮ" ಅನ್ನುತ್ತಿದ್ದರು. ಅವಳು ಮಂಡ್ಯಕ್ಕೆ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವಲ್ಲ ಎಂದು ಅವಳಿಗೇ ಕಳ್ಳತನ ಮಾಡಿದ ಹಾಗೆ ಆಗುತ್ತಿತ್ತು.

ಉತ್ತರ ಬಂತು: ಬ್ಯಾಚಿನ ಅರ್ಧದಷ್ಟು ಸತ್ವ ಕಳೆದುಕೊಂಡಿದೆ. ಬ್ಯಾಚನ್ನು ವಾಪಸ್ಸು ತರಿಸಿದರು, ಕಾರ್ಖಾನೆಗೆ ತನಿಖೆಯವರು ಬಂದರು, ಹನಿ ಹಾಕಿಸಿಕೊಂಡ ಮಕ್ಕಳಿಗೆಲ್ಲ ಮತ್ತೊಮ್ಮೆ ಹಾಕಬೇಕೆಂದು ಆದೇಶವಾಯಿತು. ಯಾವ ಮಗುವಿಗೂ ಏನೂ ಆಗಿರಲಿಲ್ಲ.

ಎರಡು ದಿನದ ನಂತರ ಕಾರ್ಖಾನೆ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿತು. ಆ ಬ್ಯಾಚಿನ ಪರೀಕ್ಷೆಯ ಹೊಣೆ ಹಿರಿಯ ವಿಜ್ಞಾನಿ ನಾಗಶ್ರೀಯವರದು, ಅವರನ್ನು ಅಮಾನತಿನಲ್ಲಿ ಇಡಲಾಗಿದೆ, ಎಂದಿತ್ತು. ಕೆಳಗೆ ರಾಜೇಂದ್ರರ ಹೆಸರು. ಸ್ವಾಮಿ ಪತ್ರಿಕೆ ಮಡಚಿ ಅವಳ ಮುಂದಿಟ್ಟ. ಅವಳು ಫೋನೆತ್ತಿಕೊಂಡು ರಾಜೇಂದ್ರರಿಗೆ ಮಾಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಆಮೇಲೆ ಆ ಸಂಖ್ಯೆಗೆ ಅವಳ ಕರೆ ಹೋಗುವುದೇ ನಿಂತಿತು.

ತನಿಖೆಯಲ್ಲಿ ಅವಳ ಮೇಲಿನ ಆರೋಪ ನಿಲ್ಲಲಿಲ್ಲ. ಮಂಡ್ಯದ ವೈದ್ಯಾಧಿಕಾರಿ ಮೊದಲು ದೂರು ತಂದವಳು ಇವಳೇ ಎಂದು ನೇರವಾಗಿ ಹೇಳಿದರು. ಸಂತೋಷ್ ಕೂಡ, ತಡವಾಗಿಯಾದರೂ, ತನಗೆ ಯಾವ ಸೀಸೆ ಕೊಟ್ಟಿದ್ದರು ಎಂಬುದನ್ನು ಬಾಯಿಬಿಟ್ಟ. ರಾಜೇಂದ್ರ ಸ್ವಇಚ್ಛೆಯಿಂದ ನಿವೃತ್ತರಾದರು. ಕಾರ್ಖಾನೆಯ ಪೋಲಿಯೋ ವಿಭಾಗ ಮುಚ್ಚಿತು. ಇದು ಯಾವುದೂ ಪತ್ರಿಕೆಯಲ್ಲಿ ಬರಲಿಲ್ಲ. ಬಂದಿದ್ದು ಕಾರ್ಖಾನೆಯ ಆ ಮೊದಲ ಹೇಳಿಕೆ ಮಾತ್ರ, ಕಿರುಗಾವಲು ಓದಿದ್ದೂ ಅದನ್ನೇ.

ಮರುಸುತ್ತಿನ ದಿನ ನಾಗಶ್ರೀ ಕರೆಯದೆಯೇ ಊರಿಗೆ ಹೋದಳು. ಐಸಿನ ಡಬ್ಬಿ ಹೊತ್ತು ವೀಣಳ ಜತೆ ಮನೆಮನೆ ಹತ್ತಿದಳು. ಭಾಗ್ಯಲಕ್ಷ್ಮಿ ತೇಜುವನ್ನು ತಂದು ಹಿಡಿದಳು. ಕನಕರಾಜು ಮಾತ್ರ ಹಟ್ಟಿಯಿಂದಲೇ ಕೇಳಿದ: "ಊರೋರ್ ಮುಂದೆ ನಾನೆಂಗವ್ವ ತಲೆ ಎತ್ಕಂಡ್ ತಿರುಗ್ಲಿ?"

"ನಾನೇ ಕಣಣ್ಣ ಮಂಡ್ಯಕ್ಕೋಗಿ ಏಳ್ದೋಳು."

"ಏಳ್ದೆ, ಆಮೇಲೆ. ಮೊದ್ಲು ಉಯ್ದೆ."

ದೊಡ್ಡಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಇವರನ್ನು ಕಂಡು ಏಳಲಿಲ್ಲ. ನಾಗಶ್ರೀ ಕೆಳಗಿನ ಮೆಟ್ಟಿಲಲ್ಲಿ ಕೂತು ನಡೆದದ್ದೆಲ್ಲ ಹೇಳಿದಳು. ಯಂತ್ರ ಕೆಟ್ಟದ್ದು, ಪರೀಕ್ಷೆಯಲ್ಲಿ ತಾನು ಕಂಡದ್ದು, ಸಾರ್ ಫೋನಿನಲ್ಲಿ ಅಂದದ್ದು. ಮುದುಕಿ ಅವರೆಕಾಯಿ ಬಿಟ್ಟು ಕೇಳಿಸಿಕೊಂಡಳು.

"ಅಂಗಾರೆ ಸೀಸೆ ಕೈಲಿಡ್ಕಂಡಾಗ್ಲೇ ನಿಂಗೆ ಅನುಮಾನ ಬಂದಿತ್ತು."

"ಬಂದಿತ್ತು ದೊಡ್ಡಮ್ಮ."

"ಆದ್ರೂ ಉಯ್ದೆ."

"ಅವ್ರನ್ನ ನಂಬ್ಕಂಡಿದ್ದೆ."

"ನಾವು ನಿನ್ ನಂಬ್ಕಂಡಿದ್ದೊ ಕಣವ್ವ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ತಿರುಗಿ ಮೊಮ್ಮಗನನ್ನು ಕೂಗಿದಳು. ನಾಗಶ್ರೀ ಡಬ್ಬಿಯ ಮುಚ್ಚಳ ತೆಗೆದು ಸೀಸೆ ಎತ್ತಿಕೊಂಡಳು. ಮುದುಕಿ ಮಗುವನ್ನು ತನ್ನ ಕಡೆಗೆಳೆದುಕೊಂಡು ವೀಣಳತ್ತ ಕೈ ತೋರಿದಳು. "ಅವ್ಳು ಉಯ್ಲಿ. ನೀನ್ ಬ್ಯಾಡ."

ನಾಗಶ್ರೀ ಸೀಸೆಯನ್ನು ವೀಣಳ ಕೈಗೆ ಕೊಟ್ಟಳು. ಉಳಿದ ಮನೆಗಳಲ್ಲೂ ಅವಳು ಡಬ್ಬಿ ಹಿಡಿದು ಅಂಗಳದಲ್ಲೇ ನಿಂತಳು.

ಈಗ ಅವಳು ಮಂಡ್ಯದ ಒಂದು ರಕ್ತಪರೀಕ್ಷೆ ಕೇಂದ್ರದಲ್ಲಿದ್ದಾಳೆ. ಸಕ್ಕರೆ, ಥೈರಾಯ್ಡು, ಡೆಂಗಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು, ಸಂಜೆ ಬಸ್ಸು. ಕೆಲಸದಲ್ಲಿ ಯಾರೂ ತಪ್ಪು ಹುಡುಕುವ ಹಾಗಿಲ್ಲ. ಜತೆಯ ಹುಡುಗಿ ನಯನ ಮಾತ್ರ ಒಂದು ದಿನ ಮುಖ ಊದಿಸಿಕೊಂಡಳು. ತಾನು ಮುಗಿಸಿಟ್ಟ ಪರೀಕ್ಷೆಗಳನ್ನು ಈ ಮೇಡಂ ತಾನಿಲ್ಲದಾಗ ಮತ್ತೆ ಮಾಡುತ್ತಾರೆ ಎಂದು ಅವಳಿಗೆ ಗೊತ್ತಾಗಿತ್ತು.

"ನಾನ್ ಮಾಡಿದ್ದು ಸರಿ ಇರ್ಲಿಲ್ವಾ ಮೇಡಂ?"

"ಸರಿಯಾಗೇ ಇತ್ತು."

"ಮತ್ಯಾಕ್ ಮಾಡಿದ್ರಿ?"

ನಾಗಶ್ರೀಗೆ ಹುಡುಗಿಯ ಮುಖ ನೋಡಿ ಕೆಡುಕೆನಿಸಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಮುಂದಿನವರ ಹೆಸರು ಕೂಗಿದಳು.