ದಾವಲಬಿಯ ಎಲುಬು ಕೂಡಿದ ವರ್ಷ

ಕೊಲ್ಹಾರದ ದಾವಲಬಿಗೆ ಆ ವರ್ಷ ಹಗಲಿನಲ್ಲೇ ಕನಸು ಬೀಳುತ್ತಿದ್ದವು. ಹಿನ್ನೀರಿನ ಕಡೆಯಿಂದ ಗಾಳಿ ಬೀಸುವ ಪಡಸಾಲೆಯಲ್ಲಿ ಮಲಗಿ ಕಣ್ಣು ಅರೆ ಮುಚ್ಚಿದರೆ ಸಾಕು, ಅಣೆಕಟ್ಟು ಕಟ್ಟಿದಾಗ ಮುಳುಗಿದ, ನೀರಿನಡಿಯ ಹಳೆಯ ಊರು ತೆರೆದುಕೊಳ್ಳುತ್ತಿತ್ತು. ಮದುವೆಯಾಗಿ ಬಂದ ಓಣಿ, ಕಲ್ಲಿನ ಕಟ್ಟೆ, ಮಾವ ಬಳೆಯ ಸರ ತೂಗುಹಾಕುತ್ತಿದ್ದ ಗೂಟ, ಎಲ್ಲವೂ ಹಸಿರು ಬೆಳಕಿನಲ್ಲಿ ಮೆಲ್ಲಗೆ ಅಲುಗುತ್ತಿದ್ದವು. ಮೀನುಗಳು ಬಾಗಿಲಿನಿಂದ ಹೊಕ್ಕು ಕಿಟಕಿಯಿಂದ ಹೊರಬೀಳುತ್ತಿದ್ದವು. ಆ ಓಣಿಯಲ್ಲಿ ಅವಳು ಬರಿಗಾಲಲ್ಲಿ ನಡೆಯುತ್ತಿದ್ದಳು. ಹೆಜ್ಜೆಯನ್ನು ನೀರೇ ಎತ್ತಿ, ನೀರೇ ಇಳಿಸುತ್ತಿತ್ತು. ಕಣ್ಣು ಬಿಟ್ಟರೆ ಎಡಗಾಲಿನಲ್ಲಿ ಮತ್ತೆ ಅದೇ ನೋವು.

ದಾವಲಬಿ ಮೂವತ್ತು ವರ್ಷ ಬಳೆ ಮಾರಿದವಳು. ಹೆಣ್ಣುಮಕ್ಕಳ ಕೈ ಹಿಡಿದರೆ ಸಾಕು, ಎಲುಬು ಎಲ್ಲಿ ಬಾಗುತ್ತದೆ, ಎಲ್ಲಿ ಬಾಗುವುದಿಲ್ಲ ಎಂಬುದು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯ ಹಳ್ಳಿಗಳಲ್ಲಿ ಅವಳು ಬಳೆ ಇಡಿಸದ ಮದುಮಗಳೇ ಕಡಿಮೆ. ಕನ್ನೊಳ್ಳಿಯ ಒಂದು ಮದುವೆ ಮನೆಗೂ ಹಾಗೆಯೇ ಕರೆಸಿದ್ದರು. ಬಸ್ಸಿನಿಂದ ಇಳಿಯುವಾಗ ಕಾಲು ಜಾರಿತು. ಬಿದ್ದವಳು ಮೊದಲು ನೋಡಿದ್ದು ಬಳೆಯ ಪೆಟ್ಟಿಗೆಯನ್ನು. ಆಮೇಲೆ ಕಾಲು ನೋಡಿದಳು. ಮೊಣಕಾಲಿನ ಕೆಳಗಿನ ಎಲುಬು ಮುರಿದು ಚರ್ಮದಿಂದ ಹೊರಗೆ ಇಣುಕಿತ್ತು.

ಆಗಲೇ ಆಪರೇಷನ್ ಮಾಡಿ ಎಲುಬಿನೊಳಗೊಂದು ಉಕ್ಕಿನ ಸಳಿ ಹಾಕಿದ್ದರು. ಗಾಯ ಮಾಯಿತು, ಎಲುಬು ಮಾತ್ರ ಕೂಡಲಿಲ್ಲ. ಹನ್ನೊಂದು ತಿಂಗಳ ಮೇಲೆ ಒಳಗಿನ ಸಳಿಯೂ ಮುರಿಯಿತು. ಊರಿದರೆ ಕಾಲು ನಡುವೆಯೇ ಬಾಗುತ್ತಿತ್ತು, ಅಲ್ಲೊಂದು ಹೊಸ ಕೀಲು ಹುಟ್ಟಿದಂತೆ. ದಾವಲಬಿ ಆಸೆ ಬಿಟ್ಟು ಕನಸಿಗೆ ಒಗ್ಗಿಕೊಂಡಳು. ಬಿಡದವಳು ಸೊಸೆ ನಿಷತ. ಮನೆಗೆ ಬಂದು ನಾಲ್ಕು ವರ್ಷವಾದರೂ ಅತ್ತೆಯ ಎದುರು ಅಷ್ಟಾಗಿ ಮಾತಾಡದ ಹುಡುಗಿ ಒಂದು ಮುಂಜಾನೆ ಎಕ್ಸ್‌ರೇಗಳನ್ನೆಲ್ಲ ಚೀಲಕ್ಕೆ ತುಂಬಿ ಎದುರು ನಿಂತಳು.

“ಅತ್ತಿ, ಏಳ್ರಿ. ವಿಜಯಪುರಕ್ಕ ಹೋಗೂಣು. ನಿದ್ದ್ಯಾಗ ನಡದದ್ದು ಸಾಕು.”

ವಿಜಯಪುರದ ಎಲುಬಿನ ಡಾಕ್ಟರು ವಿದ್ಯಾವತಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಲುಬಿನ ಎರಡು ತುದಿಗಳ ನಡುವೆ ಕಪ್ಪು ಸಂದು.

“ಈ ಎರಡೂ ತುದಿಗೆ ರಕ್ತ ಬರವಲ್ದು, ಸತ್ತಾವ. ಅವನ್ನ ಕತ್ತರಿಸಿ ತಗೀಬೇಕು. ಆಮ್ಯಾಲೆ ಕಾಲಿನ ಸುತ್ತ ಉಕ್ಕಿನ ರಿಂಗ್ ಕೂಡಸ್ತೀನಿ. ಮ್ಯಾಲಿನ ಎಲುಬು ಅಡ್ಡಕ ಕೊಯ್ದು, ಆ ತುಂಡನ್ನ ದಿನಾ ಒಂದೊಂದು ಮಿಲಿಮೀಟರ್ ಕೆಳಗ ಸರಸೋದು. ಸರದಂಗ ಹಿಂದ ಹೊಸಾ ಎಲುಬು ಬೆಳೀತೈತಿ.”

“ಈ ವಯಸ್ಸಿನಾಗ ಎಲುಬು ಬೆಳೀತೈತೇನ್ರಿ ಬಾಯಾರ?”

“ಬೆಳೀತೈತಿ. ಬಾಯಾಗೇನೈತಿ, ತೋರಿಸ್ರಿ.”

ದಾವಲಬಿ ನಾಚಿ ಬಾಯಿ ತೆರೆದಳು. ದವಡೆಯಲ್ಲಿ ತಂಬಾಕು.

“ಇದು ಇರೂತನಕ ನಾ ಏನ್ ಮಾಡಿದ್ರೂ ಅಷ್ಟ. ಎಲುಬಿಗೆ ಹೋಗೂ ರಕ್ತದ ದಾರಿ ಇದು ಸಣ್ಣ ಮಾಡತೈತಿ. ಬಿಟ್ಟು ಒಂದು ತಿಂಗಳ ಮ್ಯಾಲೆ ಬರ್ರಿ.”

ಹದಿನಾರನೇ ವಯಸ್ಸಿನಿಂದ ಸೊಂಟದಲ್ಲಿದ್ದ ತಂಬಾಕಿನ ಚೀಲವನ್ನು ದಾವಲಬಿ ಅಲ್ಲೇ ಬಿಚ್ಚಿ ನಿಷತಳ ಕೈಗಿಟ್ಟಳು. ಆ ತಿಂಗಳು ಕನಸಿನಲ್ಲೂ ಬಾಯಿ ಒಣಗುತ್ತಿತ್ತು.

ಆಪರೇಷನ್ನಿಗೆಂದು ಸೇರಿದಾಗ ಪಕ್ಕದ ಮಂಚದಲ್ಲಿ ಆಲಮೇಲದ ಗುರವ್ವ ಇದ್ದಳು. ಸಂಧಿವಾತದಿಂದ ಅವಳ ಮೊಣಕಾಲು ಸವೆದು ಬಿಲ್ಲಿನಂತೆ ಬಾಗಿದ್ದವು. ಮರುದಿನ ಬೆಳಿಗ್ಗೆ ಒಂದು ಮೊಣಕಾಲಿಗೆ ಹೊಸ ಕೀಲು ಹಾಕುವುದಿತ್ತು. ಮಧ್ಯಾಹ್ನ ಬಂದ ನರ್ಸು ಅವಳ ಕೈಯ ಹಸಿರು ಗಾಜಿನ ಬಳೆಗಳನ್ನು ತೆಗೆಯಬೇಕೆಂದಳು. ಕೈಗೆ ಆರರಂತೆ ಹನ್ನೆರಡು. ಮೂರು ವರ್ಷದ ಹಿಂದೆ ಇಟ್ಟವು. ಆಮೇಲೆ ಬೆರಳಿನ ಗೆಣ್ಣುಗಳು ಬಾತು ಗಂಟಾಗಿದ್ದವು. ಒಂದೂ ಇಳಿಯಲಿಲ್ಲ.

“ಒಡೀಬೇಕಾಗ್ತದ ಅಮ್ಮಾ” ಎಂದಳು ನರ್ಸು.

ಗುರವ್ವ ಕೈಗಳನ್ನು ಎದೆಗೊತ್ತಿಕೊಂಡಳು. “ನನ್ನ ಗಂಡ ಶಂಕರೆಪ್ಪ ಹೊರಗ ಕುಂತಾನ. ಅಂವ ಇರೂ ತನಕ ಬಳಿ ಒಡ್ಯಾಕ ಬಿಡಂಗಿಲ್ಲ. ಮೊಣಕಾಲ ಇದ್ದಂಗ ಇರ್ಲಿ, ನಾ ಊರಿಗೆ ಹೊಂಟೆ.” ಅವಳು ನಿಜವಾಗಿಯೂ ಚೀಲ ಎತ್ತಿಕೊಂಡಳು.

“ಯವ್ವಾ, ಇಲ್ಲಿ ಬಾ. ನನಗ ಏಳಾಕ ಬರಂಗಿಲ್ಲ” ಎಂದಳು ದಾವಲಬಿ. “ನಾ ಬಳಿಗಾರ್ತಿ. ಕೈ ಕೊಡು.”

ಗುರವ್ವ ಅನುಮಾನದಿಂದಲೇ ಬಂದು ಮಂಚದ ಅಂಚಿಗೆ ಕುಳಿತಳು. ದಾವಲಬಿ ಆ ಕೈಯನ್ನು ಮೊದಲು ಮೇಲೆತ್ತಿ ಹಿಡಿದಳು. ಬಾವು ಇಳಿಯಲೆಂದು ತಣ್ಣೀರಿನ ಬಟ್ಟೆ ಸುತ್ತಿದಳು. ಬಹಳ ಹೊತ್ತು ಹಾಗೆಯೇ. ಫ್ಯಾನು ತಿರುಗುತ್ತಿತ್ತು. ಬಿಸಿಲು ಪರದೆಯನ್ನು ದಾಟಿ ನೆಲದ ಮೇಲೆ ನೀರಿನಂತೆ ಹರಡಿತ್ತು. ಆಮೇಲೆ ತೆಳು ಪ್ಲಾಸ್ಟಿಕ್ ಚೀಲವೊಂದನ್ನು ಆ ಕೈಗೆ ತೊಡಿಸಿ, ಅದರ ಬಾಯನ್ನು ಬಳೆಗಳಡಿ ತೂರಿಸಿ, ಮೇಲೆ ಕೊಬ್ಬರಿ ಎಣ್ಣೆ ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿದಳು. ಒಂದೊಂದು ಗೆಣ್ಣಿಗೂ ನಿಂತು, ಅದು ಒಪ್ಪುವವರೆಗೆ ಕಾಯ್ದು, ಬಳೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಬಂದಳು. ನೋವು ಮರೆಯಲೆಂದು ಆಲಮೇಲದ ಸುದ್ದಿ ಕೇಳಿದಳು. ಗುರವ್ವ ಭೀಮಾ ಹೊಳೆಯ ಬಗ್ಗೆ, ಕಬ್ಬಿನ ಹೊಲದ ಬಗ್ಗೆ ಹೇಳುತ್ತ ಹೇಳುತ್ತ ಕಣ್ಣು ಮುಚ್ಚಿದಳು. ಮೊದಲ ಬಳೆ ಇಳಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಎರಡು ತಾಸಿನಲ್ಲಿ ಎರಡೂ ಕೈಯಿಂದ ಹನ್ನೊಂದು ಬಳೆ ಇಳಿದವು. ಕೊನೆಯದು ಹೆಬ್ಬೆರಳಿನ ಬುಡದಲ್ಲಿ ಸಣ್ಣಗೆ ‘ಚಿಟ್’ ಎಂದಿತು. ಗುರವ್ವನ ಕಣ್ಣು ತೆರೆಯಿತು.

“ಒಡೀತೇನು?”

“ನಮ್ಮ ಕಸಬಿನಾಗ ಒಡೀತು ಅನ್ನಂಗಿಲ್ಲ ಯವ್ವಾ. ಹೆಚ್ಚಿತು ಅಂತೇವಿ. ನಿನ್ನ ಮುತ್ತೈದಿತನ ಹೆಚ್ಚಿತು.”

ಗುರವ್ವ ಅರೆಗಳಿಗೆ ಅವಳ ಮುಖ ನೋಡಿ, ಅತ್ತು, ನಕ್ಕಳು. ಸಂಜೆ ಬಂದ ಡಾಕ್ಟರು ಬೇಸಿನ್ನಿನಲ್ಲಿದ್ದ ಬಳೆಗಳನ್ನು ನೋಡಿದರು. ಬ್ಯಾಂಡೇಜಿನ ಎರಡು ತುಂಡು ಹರಿದು ಗುರವ್ವನ ಎರಡೂ ಮುಂಗೈಗೆ ಕಟ್ಟಿದರು. “ಈಗ ಬರಿಗೈ ಅಲ್ಲಲ್ರಿ?”

ಗುರವ್ವನ ಆಪರೇಷನ್ ಮರುದಿನವಾಯಿತು, ದಾವಲಬಿಯದು ಅದರ ಮರುದಿನ. ದಾವಲಬಿಗೆ ಎಚ್ಚರವಾದಾಗ ಕಾಲಿನ ಸುತ್ತ ನಾಲ್ಕು ಉಕ್ಕಿನ ರಿಂಗು, ಅವುಗಳಿಂದ ಎಲುಬಿಗೆ ಹಾಯ್ದ ತಂತಿಗಳು. ಪಕ್ಕದಿಂದ ಗುರವ್ವ ಕೂಗಿದಳು: “ಅಯ್ಯ, ನಿನ್ನ ಕಾಲಿಗೇ ಬಳಿ ಇಟ್ಟಾರಲ್ಲ!” ವಾರ್ಡಿಗೆ ವಾರ್ಡೇ ನಕ್ಕಿತು. ಮೂರನೆಯ ದಿನ ವಾಕರ್ ಹಿಡಿದು ಇಬ್ಬರೂ ಒಟ್ಟಿಗೆ ಬಾಗಿಲಿನವರೆಗೆ ನಡೆದರು.

ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕು ಸಲ ಸಣ್ಣ ಪಾನಾದಿಂದ ರಿಂಗಿನ ನಟ್ಟನ್ನು ನಾಲ್ಕನೇ ಒಂದು ಸುತ್ತು ತಿರುಗಿಸುವ ಕೆಲಸ ನಿಷತಳದು. ನಾಲ್ಕು ಸೇರಿದರೆ ಒಂದು ಮಿಲಿಮೀಟರ್. ಅಷ್ಟು ಸಣ್ಣ ಚಲನೆಯನ್ನು ಕಾಣಲು ಸಾಧ್ಯವಿಲ್ಲ. ಆದರೂ ದಾವಲಬಿ ಕಣ್ಣು ಮುಚ್ಚಿ, ಎಲ್ಲೋ ಆಳದಲ್ಲಿ, ನೀರಿನಲ್ಲಿ ಬೇರು ಇಳಿಯುವಂತೆ, ಅದು ಇಳಿಯುವುದನ್ನು ಕೇಳುತ್ತಿದ್ದಳು. ಹಾಗೆ ಕುಳಿತ ಹೊತ್ತುಗಳಲ್ಲಿ ನಿಷತ ಮಾತಾಡತೊಡಗಿದಳು. ತವರಿನ ಮಾತು, ಶಾಲೆ ಬಿಟ್ಟ ಮಾತು, ಅತ್ತೆಗೆ ಹೆದರುತ್ತಿದ್ದ ಮಾತು.

“ನನಗ್ಯಾಕ ಹೆದರಿದ್ದಿ?”

“ನೀವು ಎಲ್ಲಾರ ಕೈ ಹಿಡೀತಿದ್ರಿ ಅತ್ತಿ. ನನ್ನ ಕೈ ಒಂದಿನಾನೂ ಹಿಡಿಲಿಲ್ಲ.”

ದಾವಲಬಿ ಆ ದಿನದ ನಾಲ್ಕನೆಯ ಸುತ್ತು ಮುಗಿದ ಮೇಲೆ ಪೆಟ್ಟಿಗೆ ತರಿಸಿ, ಸೊಸೆಯ ಕೈ ಹಿಡಿದು, ಕೆಂಪು ಬಳೆ ಇಡಿಸಿದಳು. ಮರುದಿನದಿಂದ ಹಾಗೆ ಇಡಿಸುವುದನ್ನು ಅವಳಿಗೂ ಕಲಿಸಿದಳು.

ಎರಡನೆಯ ತಿಂಗಳು ತಂತಿಯೊಂದರ ಬುಡ ಕೆಂಪಾಗಿ ಕೀವು ತುಂಬಿತು, ಜ್ವರ ಏರಿತು. “ತಗದ ಒಗದ ಬಿಡ್ರಿ ಇದನ್ನ” ಎಂದು ದಾವಲಬಿ ಅತ್ತಳು. ನಿಷತ ಉಪ್ಪುನೀರಿನ ಹತ್ತಿಯಿಂದ ಒರೆಸುತ್ತ, “ಇನ್ನ ಹನ್ನೆರಡ ಮಿಲಿಮೀಟರ್ ಅಷ್ಟ” ಎಂದಳು. ಡಾಕ್ಟರು ಔಷಧಿ ಬದಲಿಸಿದರು. ವಾರದಲ್ಲಿ ಜ್ವರ ಇಳಿಯಿತು. ಸಂದು ಮುಚ್ಚಿದ ಮೇಲೆ ಸೊಂಟದ ಎಲುಬಿನಿಂದ ಚೂರು ತೆಗೆದು, ತುದಿಗಳು ಕೂಡುವ ಜಾಗಕ್ಕೆ ತುಂಬಿದರು. ಆಮೇಲೆ ಬರೀ ಕಾಯುವುದು. ಹೊಸ ಎಲುಬು ಎಕ್ಸ್‌ರೇಯಲ್ಲಿ ಮೊದಲು ಮಂಜಿನಂತೆ, ಆಮೇಲೆ ಹಾಲಿನ ಕೆನೆಯಂತೆ ಕಂಡಿತು.

ಹನ್ನೊಂದನೆಯ ತಿಂಗಳು ರಿಂಗು ಬಿಚ್ಚಿದರು. ದಾವಲಬಿ ನೆಲದ ಮೇಲೆ ಪಾದವಿಟ್ಟಳು. ನೆಲ ಗಟ್ಟಿಯಾಗಿತ್ತು, ತಣ್ಣಗಿತ್ತು. ಯಾರೂ ಎತ್ತಿ ಇಡಲಿಲ್ಲ. ಹೆಜ್ಜೆ ಅವಳೇ ಇಟ್ಟಳು, ಒಂಬತ್ತು.

ಎಡಗಾಲು ಅರ್ಧ ಬೆರಳು ಗಿಡ್ಡವಾಗಿದೆ. ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡಿದ್ದಾಳೆ. ಮೋಡ ಕವಿದರೆ ಕಾಲು ಜೋಮು ಹಿಡಿಯುತ್ತದೆ. ಬಳೆ ಇಡಿಸಲು ದೂರದ ಊರುಗಳಿಗೆ ಈಗ ನಿಷತ ಹೋಗುತ್ತಾಳೆ. ಇಂಡಿ ತಾಲೂಕಿನ ಕಡೆಯಿಂದಲೂ ಅವಳನ್ನು ಕೇಳಿ ಫೋನು ಬರುತ್ತವೆ. ಮೊನ್ನೆ ಗುರವ್ವ ತನ್ನ ಇನ್ನೊಂದು ಮೊಣಕಾಲಿನ ಆಪರೇಷನ್ನಿನ ದಿನ ಗೊತ್ತಾಗಿದೆ, ಬಳೆ ಇಳಿಸಲು ಬಾ ಎಂದು ಹೇಳಿಕಳಿಸಿದಳು. ದಾವಲಬಿ ಬುತ್ತಿ ಕಟ್ಟಿಸಿಕೊಂಡು, ಸೊಸೆಗೂ ಕಾಯದೆ, ವಿಜಯಪುರದ ಬಸ್ಸಿನ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಕಿಟಕಿಯ ಪಕ್ಕ ಕುಳಿತಳು.